ಕೆರೆ ಉಳಿಸೋಕೆ ಪಿಐಎಲ್ ಹಾಕೋಣವಾ? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಕೆರೆ ವಿಷಯ. ಕೆರೆಯ ಮೇಲ್ಭಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದು ಎರಡು ವರ್ಷವಾಯಿತು. ಮಳೆ ಬರುವ ರಾತ್ರಿ ನೋಡಿಕೊಂಡು ನೀರು ಬಿಡುತ್ತಾರೆ. ಬೆಳಗ್ಗೆ ಎದ್ದರೆ ಕಾಲುವೆ ಒಂದು ದಿನ ನೀಲಿ, ಇನ್ನೊಂದು ದಿನ ಕೆಂಪು. ಇನ್ನೊಂದು ಕಡೆ ಕೆರೆ ಅಂಗಳಕ್ಕೆ ಮಣ್ಣು ತುಂಬಿಸಿ ಸೈಟ್ ಮಾಡುತ್ತಿದ್ದಾರೆ. ಪಂಚಾಯಿತಿಗೆ ಹೇಳಿ ಹೇಳಿ ಸಾಕಾಯಿತು. ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿಬಿಡೋಣ ಅಂತ ಊರಿನ ಹುಡುಗರು ಕುಣಿಯುತ್ತಿದ್ದಾರೆ. ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರೂ ಸಾಕು, ಅದನ್ನೇ ಅರ್ಜಿ ಅಂತ ತಗೊಳ್ತಾರೆ ಅಂತಾರೆ. ನಿಜಾನಾ?

ಉತ್ತರ: ನಿಜ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. 1983ರಲ್ಲಿ ಡೆಹ್ರಾಡೂನಿನ ಒಂದು ಸಂಸ್ಥೆ ಮಸೂರಿ ಬೆಟ್ಟಗಳ ಸುಣ್ಣಕಲ್ಲು ಗಣಿಗಾರಿಕೆ ಬಗ್ಗೆ ಸುಪ್ರೀಂ ಕೋರ್ಟಿಗೆ ಕಾಗದ ಬರೆಯಿತು. ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ಪರಿಗಣಿಸಿತು. 1985ರಲ್ಲಿ ಹಲವು ಗಣಿಗಳು ಮುಚ್ಚಿದವು. ಪರಿಸರದ ಪಿಐಎಲ್‌ಗಳ ಕಥೆ ಶುರುವಾಗುವುದೇ ಹೆಚ್ಚುಕಮ್ಮಿ ಅಲ್ಲಿಂದ. ಇಂದಿಗೂ ಕಾಗದವನ್ನು ಅರ್ಜಿ ಮಾಡಿಕೊಳ್ಳುವ ಅಧಿಕಾರ ಕೋರ್ಟಿಗೆ ಇದೆ. ಆದರೆ ದಿನಾ ರಾಶಿ ಕಾಗದ ಬರುತ್ತವೆ. ನಿಮ್ಮದು ಅದರಲ್ಲಿ ಒಂದಾಗಿ ಹೋಗುತ್ತದೆ.

ಇನ್ನೊಂದು ಮಾತು. ನೀವು ಒಂದೇ ಉಸಿರಿನಲ್ಲಿ ಎರಡು ಜಗಳ ಹೇಳಿದಿರಿ. ಬಣ್ಣದ ನೀರು ಒಂದು, ಒತ್ತುವರಿ ಇನ್ನೊಂದು. ಕೆರೆ ಒಂದೇ, ಆದರೆ ಕಾನೂನು ಬೇರೆ, ಇಲಾಖೆ ಬೇರೆ, ಬೇಕಾದ ದಾಖಲೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎದುರು ಪಕ್ಷದ ವಕೀಲರಿಗೆ ಹಬ್ಬ. ಮೊದಲು ಬೇರೆ ಮಾಡಿ.

ಒತ್ತುವರಿಗೆ ಮೊದಲ ಬಾಗಿಲು ತಹಸೀಲ್ದಾರ್. ಗ್ರಾಮನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ದಾಖಲೆ) ತೆಗೆಸಿ. ಕೆರೆಯ ಸರ್ವೆ ನಂಬರ್ ಎಷ್ಟು, ಎಷ್ಟು ಎಕರೆ ಗುಂಟೆ ಅಂತ ಕೈಯಲ್ಲಿ ಇರಲಿ. ಸರ್ವೆ ಮಾಡಿಸಿ ಗಡಿ ಗುರುತಿಸಿ ಅಂತ ಲಿಖಿತ ಅರ್ಜಿ ಕೊಡಿ. 1964ರ ಭೂಕಂದಾಯ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ಒತ್ತುವರಿದಾರರನ್ನು ಎಬ್ಬಿಸುವ ಅಧಿಕಾರ ಕಂದಾಯ ಅಧಿಕಾರಿಗಳಿಗೆ ಇದೆ. 192ಎ ಪ್ರಕಾರ ಸರ್ಕಾರಿ ಜಮೀನು ಒತ್ತುವರಿ ಮಾಡುವುದೇ ಅಪರಾಧ. ಇದರ ಜೊತೆಗೆ 2011ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪನ್ನು ಲಗತ್ತಿಸಿ. ಅದು ಪಂಜಾಬಿನ ಒಂದು ಊರಿನ ಕೆರೆಯನ್ನು ತುಂಬಿಸಿ ಮನೆ ಕಟ್ಟಿಕೊಂಡವರ ಕೇಸು. ಊರಿನ ಸಾಮಾನ್ಯ ಜಾಗ ಊರಿಗೇ ವಾಪಸ್ ಬರಬೇಕು, ಇದಕ್ಕೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ತುಂಬ ವರ್ಷದಿಂದ ಇದ್ದೇವೆ, ತುಂಬ ಖರ್ಚು ಮಾಡಿ ಕಟ್ಟಿದ್ದೇವೆ ಅನ್ನುವ ನೆಪ ನಡೆಯುವುದಿಲ್ಲ ಅಂತಲೂ ಹೇಳಿತು. ಇಷ್ಟಕ್ಕೂ ತಹಸೀಲ್ದಾರ್ ಅಲುಗಾಡದಿದ್ದರೆ ಆಗ ಹೈಕೋರ್ಟು.

ಪ್ರಶ್ನೆ: ಬಣ್ಣದ ನೀರಿಗೆ? ನಮ್ಮ ಪರಿಚಯದವರು ಒಬ್ಬರು ಹೈಕೋರ್ಟ್ ಬೇಡ, ಎನ್‌ಜಿಟಿ ಅಂತ ಇದೆ, ಅಲ್ಲಿಗೇ ಹೋಗಿ ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಕಾರ್ಖಾನೆ ವಿಷಯಕ್ಕೆ ಅವರು ಹೇಳಿದ್ದೇ ಸರಿ. ಎನ್‌ಜಿಟಿ ಅಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2010ರ ಕಾಯ್ದೆಯಿಂದ ಹುಟ್ಟಿದ್ದು. ಕರ್ನಾಟಕದ ಕೇಸುಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಅಲ್ಲಿ ನ್ಯಾಯಾಧೀಶರ ಜೊತೆ ವಿಷಯ ತಜ್ಞರೂ ಕೂರುತ್ತಾರೆ. ನೀರಿನ ಪರೀಕ್ಷಾ ವರದಿ ಇಟ್ಟರೆ ಅದನ್ನು ಓದಬಲ್ಲವರು ಎದುರಿಗೆ ಇರುತ್ತಾರೆ, ಅದು ಸಣ್ಣ ವಿಷಯ ಅಲ್ಲ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ಆದರೆ ಅರ್ಜಿ ಇಂಗ್ಲಿಷಿನಲ್ಲಿ ಇರಬೇಕು, ಕನ್ನಡದ ದಾಖಲೆಗಳಿಗೆ ಅನುವಾದ ಬೇಕು. ಆ ಖರ್ಚು ಮತ್ತು ತಲೆನೋವು ಲೆಕ್ಕದಲ್ಲಿರಲಿ.

ಅಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. ಕಾಲಮಿತಿ. ವಿವಾದಕ್ಕೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಒಳಗೆ ಹೋಗಬೇಕು. ಸಕಾರಣ ಇದ್ದರೆ ಇನ್ನು 60 ದಿನ, ಅಷ್ಟೇ. ಪರಿಹಾರ ಕೇಳುವುದಾದರೆ, ಹಾಳಾದ ಪರಿಸರವನ್ನು ಮೊದಲಿನ ಸ್ಥಿತಿಗೆ ತನ್ನಿ ಅಂತ ಕೇಳುವುದಾದರೆ ಐದು ವರ್ಷ. ನಿಮ್ಮ ಕಾರ್ಖಾನೆ ಬಂದು ಎರಡು ವರ್ಷವಾಗಿದೆ. ಹಾಗಾಗಿ ಕೆರೆಯನ್ನು ಮೊದಲಿನ ಹಾಗೆ ಮಾಡಿಕೊಡಿ, ಹಾನಿಗೆ ಪರಿಹಾರ ಕೊಡಿಸಿ ಅನ್ನುವ ಬೇಡಿಕೆಯನ್ನು ಮುಂದಿಡಿ. ಪ್ರತಿ ಸಲ ನೀರು ಬಿಟ್ಟಾಗಲೂ ಹೊಸ ಕಾರಣ ಹುಟ್ಟುತ್ತದೆ ಅಂತ ವಾದಿಸಬಹುದು. ನಾನೂ ವಾದಿಸುತ್ತೇನೆ. ಆದರೆ ಅದೊಂದನ್ನೇ ಊರುಗೋಲು ಮಾಡಿಕೊಳ್ಳುವುದಿಲ್ಲ.

ನ್ಯಾಯಮಂಡಳಿಯ ಕೈ ಎಲ್ಲಿಯವರೆಗೆ ಚಾಚುತ್ತದೆ ಅನ್ನುವುದೂ ಗೊತ್ತಿರಲಿ. ಜಲ ಕಾಯ್ದೆ, ವಾಯು ಕಾಯ್ದೆ, ಪರಿಸರ ಸಂರಕ್ಷಣಾ ಕಾಯ್ದೆ, ಅರಣ್ಯ ಸಂರಕ್ಷಣಾ ಕಾಯ್ದೆ, ಜೀವವೈವಿಧ್ಯ ಕಾಯ್ದೆ, ಇವೆಲ್ಲ ಅದರ ಪಟ್ಟಿಯಲ್ಲಿವೆ. ವನ್ಯಜೀವಿ ಕಾಯ್ದೆ ಇಲ್ಲ. ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯೂ ಇಲ್ಲ. ಬೆಂಗಳೂರಿನ ಕೆರೆಗಳ ವಿಷಯ ನೆನಪಿದೆಯಾ? 2016ರಲ್ಲಿ ನ್ಯಾಯಮಂಡಳಿ ಕೆರೆಯಿಂದ 75 ಮೀಟರ್, ದೊಡ್ಡ ರಾಜಕಾಲುವೆಯಿಂದ 50 ಮೀಟರ್ ಬಿಡಬೇಕು ಅಂತ ಆದೇಶ ಮಾಡಿತು. ಊರೆಲ್ಲ ಚಪ್ಪಾಳೆ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ಕಾನೂನಿನ ಪ್ರಕಾರ ಮಾಡಿದ ಮಾಸ್ಟರ್ ಪ್ಲಾನನ್ನು ನ್ಯಾಯಮಂಡಳಿ ತಿದ್ದಿ ಬರೆಯುವಂತಿಲ್ಲ ಅನ್ನುವುದು ಕಾರಣ.

ಎನ್‌ಜಿಟಿ ಇದೆ ಅಂದ ಮಾತ್ರಕ್ಕೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ. ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ರಿಟ್ ಅಧಿಕಾರ ಹಾಗೇ ಇದೆ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟ ಮಾಡಿದೆ. ಆದರೆ ಮೊದಲ ಹಿಯರಿಂಗಿನಲ್ಲೇ ಯಾಕೆ ಅಲ್ಲಿಗೆ ಹೋಗಲಿಲ್ಲ ಅಂತ ಕೇಳುತ್ತಾರೆ. ಉತ್ತರ ಇಟ್ಟುಕೊಂಡೇ ಹೋಗಬೇಕು.

ಪ್ರಶ್ನೆ: ನಮ್ಮ ಹತ್ತಿರ ಮೊಬೈಲಿನಲ್ಲಿ 300ಕ್ಕೂ ಜಾಸ್ತಿ ಫೋಟೋ ಇವೆ ಮೇಡಂ. ಒಬ್ಬ ಹುಡುಗ ಬಾಟಲಿಯಲ್ಲಿ ನೀರು ಹಿಡಿದು ಖಾಸಗಿ ಲ್ಯಾಬಿನಲ್ಲಿ ಟೆಸ್ಟ್ ಕೂಡ ಮಾಡಿಸಿದ್ದಾನೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ, ಆದರೂ ಸಾಲದು.

ನಾನು ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ಇಂಥದ್ದೇ ಒಂದು ಅರ್ಜಿ ಹಾಕಿದ್ದೆ. ಫೋಟೋಗಳ ದೊಡ್ಡ ಕಟ್ಟು. ಸತ್ತ ಮೀನು, ನೊರೆ, ಕಪ್ಪು ನೀರು, ಎಲ್ಲ ಇತ್ತು. ನ್ಯಾಯಮೂರ್ತಿಗಳು ಎರಡು ಪುಟ ತಿರುವಿ ಕೇಳಿದರು: ಇದು ಯಾವ ಸರ್ವೆ ನಂಬರ್, ಯಾವತ್ತು ತೆಗೆದದ್ದು, ಈ ನೀರು ಇವರ ಕಾರ್ಖಾನೆಯಿಂದಲೇ ಬಂತು ಅಂತ ಹೇಗೆ ಹೇಳುತ್ತೀರಿ? ನನ್ನ ಬಾಯಿ ಕಟ್ಟಿತು. ಸಂಬಂಧಪಟ್ಟ ಅಧಿಕಾರಿಗೆ ಮನವಿ ಕೊಡಿ ಅಂತ ಹೇಳಿ ಅರ್ಜಿ ವಿಲೇವಾರಿ ಮಾಡಿದರು. ಆ ಮನವಿಯನ್ನು ನಾವು ಮೊದಲೇ ಕೊಟ್ಟು ಬಂದಿದ್ದರೆ ಆ ದಿನದ ಕಥೆಯೇ ಬೇರೆ ಇರುತ್ತಿತ್ತು.

ಹಾಗಾಗಿ ಹೇಳುತ್ತೇನೆ, ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಖು, ಹೊತ್ತು, ಯಾವ ಕಡೆಯಿಂದ ನೀರು ಬಂತು, ಬಣ್ಣ ಏನು, ವಾಸನೆ ಏನು, ನೋಡಿದವರು ಯಾರು. ಅವರ ಸಹಿ. ಯಾರ ದನ ಕುಡಿದು ಮಲಗಿತು, ಪಶುವೈದ್ಯರು ಬಂದರಾ, ಚೀಟಿ ಇದೆಯಾ. ಕಾರ್ಖಾನೆಯ ಕೊಳವೆಯಿಂದ ಕೆರೆಯವರೆಗೆ ನೀರು ಹರಿಯುವ ದಾರಿಯನ್ನು ಗ್ರಾಮನಕ್ಷೆಯ ಮೇಲೆ ಗುರುತು ಮಾಡಿ. ಕಾಲುವೆಯ ಮೇಲ್ಭಾಗದಲ್ಲಿ, ಅಂದರೆ ಕಾರ್ಖಾನೆಗಿಂತ ಮೇಲೆ ನೀರು ತಿಳಿಯಾಗಿದೆ ಅನ್ನುವ ಫೋಟೋ ಕೂಡ ಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ. ಕೆಟ್ಟ ನೀರಿನ ಫೋಟೋಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ನೀರಿನ ಮಾದರಿ ವಿಷಯ. ನಿಮ್ಮ ಹುಡುಗನ ಲ್ಯಾಬ್ ವರದಿ ಒಂದು ಸುಳಿವು ಮಾತ್ರ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಮಾದರಿ ತೆಗೆದು, ಸೀಲ್ ಮಾಡಿ ಕಳಿಸುತ್ತಾರಲ್ಲ, ಆ ವರದಿಗೆ ಇರುವ ತೂಕ ಬೇರೆ. ಆದ್ದರಿಂದ ಲ್ಯಾಬ್ ವರದಿಯನ್ನು ಲಗತ್ತಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಿ, ಬಂದು ಮಾದರಿ ತೆಗೆಯಿರಿ ಅಂತ ಒತ್ತಾಯಿಸಿ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದದ್ದು ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ನಕಲು. ದಿನಕ್ಕೆ ಎಷ್ಟು ಕೊಳಚೆ ನೀರು, ಎಲ್ಲಿ ಶುದ್ಧ ಮಾಡಬೇಕು, ಎಲ್ಲಿಗೆ ಬಿಡಬೇಕು, ಬಿಡಲೇಬಾರದಾ, ಎಲ್ಲ ಅದರಲ್ಲಿ ಷರತ್ತಿನ ರೂಪದಲ್ಲಿ ಇರುತ್ತದೆ. ತಪಾಸಣಾ ವರದಿಗಳನ್ನೂ ಕೇಳಿ. ಕೆಲವೊಮ್ಮೆ ಮಂಡಳಿಯೇ ನೋಟಿಸ್ ಕೊಟ್ಟು ಮರೆತಿರುತ್ತದೆ. ಅಂಥ ಒಂದು ನೋಟಿಸ್ ಸಿಕ್ಕರೆ ನಿಮ್ಮ ಅರ್ಧ ಕೇಸು ಅವರೇ ಬರೆದುಕೊಟ್ಟ ಹಾಗೆ.

ಇನ್ನು ಯಾವ ಕಚೇರಿಗೆ ಹೋದರೂ ಬಾಯಿಮಾತು ಬೇಡ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೊಟ್ಟರೆ ಜೋಪಾನ ಮಾಡಿ. ಆಗುವುದಿಲ್ಲ ಅಂತ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅರ್ಜಿದಾರರು ಯಾರಾಗಬೇಕು? ಕಳೆದ ಸಲ ಪಂಚಾಯಿತಿ ಚುನಾವಣೆಯಲ್ಲಿ ಸೋತವರು ಒಬ್ಬರು ಮುಂದೆ ಬಂದಿದ್ದಾರೆ. ಖರ್ಚೆಲ್ಲ ನಂದೇ ಅಂತಾರೆ.

ಉತ್ತರ: ಅವರ ದುಡ್ಡೂ ಬೇಡ, ಹೆಸರೂ ಬೇಡ. ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ.

1991ರ ಸುಭಾಷ್ ಕುಮಾರ್ ಪ್ರಕರಣ ಗೊತ್ತಾ? ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ, ಅಂದರೆ 21ನೇ ವಿಧಿಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು ಹೇಳಿದ ತೀರ್ಪು. ನಾವೆಲ್ಲ ಪ್ರತಿ ಅರ್ಜಿಯಲ್ಲೂ ಅದನ್ನು ಉಲ್ಲೇಖಿಸುತ್ತೇವೆ. ತಮಾಷೆ ಏನಪ್ಪಾ ಅಂದರೆ, ಆ ಕೇಸಿನಲ್ಲಿ ಅರ್ಜಿದಾರ ಸೋತ. ನದಿ ಮಲಿನವಾಗುತ್ತಿದೆ ಅಂತ ಬಂದವನು ಅದೇ ಕಂಪನಿಯಿಂದ ಕಲ್ಲಿದ್ದಲಿನ ಕೆಸರು ಕೊಳ್ಳುವ ವ್ಯಾಪಾರ ಮಾಡುತ್ತಿದ್ದ. ಇನ್ನೂ ಜಾಸ್ತಿ ಕೊಡಲಿಲ್ಲ ಅಂತ ಸಿಟ್ಟು. ಕೋರ್ಟಿಗೆ ಅದು ಗೊತ್ತಾಯಿತು. ಅರ್ಜಿ ವಜಾ, ಮೇಲೆ 5000 ರೂಪಾಯಿ ದಂಡ. ನಮಗೆಲ್ಲ ಹಕ್ಕು ಸಿಕ್ಕಿತು, ಅವನಿಗೆ ದಂಡ ಸಿಕ್ಕಿತು.

2010ರಿಂದ ಈಚೆಗೆ ಕೋರ್ಟುಗಳು ಇದರಲ್ಲಿ ಇನ್ನೂ ಬಿಗಿ. ಅರ್ಜಿದಾರರು ಯಾರು, ಹಿಂದೆ ಏನು ಸ್ವಾರ್ಥ ಇದೆ ಅಂತ ಮೊದಲು ನೋಡಿ ಅಂತ ಸುಪ್ರೀಂ ಕೋರ್ಟು ಆ ವರ್ಷ ಎಲ್ಲ ಹೈಕೋರ್ಟುಗಳಿಗೆ ಹೇಳಿತು. ವೈಯಕ್ತಿಕ ಲಾಭ ಇಲ್ಲ ಅಂತ ನೀವು ಪ್ರಮಾಣಪತ್ರ ಸಲ್ಲಿಸಬೇಕು. ಚುನಾವಣೆ ಸೋತವರು ಸಹಿ ಹಾಕಿದರೆ ಎದುರಿನವರ ವಕೀಲರು ಕೆರೆ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಬರೀ ಚುನಾವಣೆ ಬಗ್ಗೆ ಆಡುತ್ತಾರೆ. ಆ ನೀರು ಬಳಸುವವರೇ ಅರ್ಜಿದಾರರಾಗಲಿ. ಅಚ್ಚುಕಟ್ಟಿನ ರೈತರು, ದನ ಕಟ್ಟಿರುವ ಹೆಣ್ಣುಮಕ್ಕಳು, ಮೀನುಗಾರಿಕೆ ಸಂಘ ಇದ್ದರೆ ಸಂಘ.

ಖರ್ಚಿನ ಮಾತು ಬಂತಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ನಮ್ಮ ಜನ ಅದರ ಮುಂದೆಯೇ ಹಾದು ಸಾಲ ಮಾಡಿ ಫೀಸು ಕೊಡುತ್ತಾರೆ.

ಬೇರೊಬ್ಬರ ಪ್ರಶ್ನೆ: ನಾನು ಇದೇ ಥರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಈ ಊರಿನವನಲ್ಲ. ನೀವೆಲ್ಲ ಕೇಸು ಹಾಕಿ ಬಾಗಿಲು ಹಾಕಿಸುತ್ತೀರಿ. ಓನರಿಗೆ ಇನ್ನೊಂದು ಕಾರ್ಖಾನೆ ಇರುತ್ತದೆ. ನಮ್ಮ ಮನೆ ಒಲೆ ಯಾರು ಹಚ್ಚಬೇಕು?

ಉತ್ತರ: ಅಣ್ಣಾ, ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಪಿಐಎಲ್ ಹಾಕುವವರು ಇದನ್ನು ಕೇಳಿಕೊಳ್ಳುವುದೇ ಕಮ್ಮಿ. ನನ್ನ ಕಡೆಯವರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕಾನ್ಪುರದ ಚರ್ಮ ಹದ ಮಾಡುವ ಘಟಕಗಳ ಕೇಸು 1987ರದು. ಗಂಗೆಗೆ ಹೊಲಸು ಬಿಡುತ್ತಿದ್ದವರ ವಿರುದ್ಧ ಪರಿಸರ ವಕೀಲ ಎಂ.ಸಿ. ಮೆಹ್ತಾ ತಂದದ್ದು. ತೀರ್ಪು ಬರೆದವರಲ್ಲಿ ಒಬ್ಬರು ನಮ್ಮ ಕನ್ನಡಿಗರೇ, ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಕನಿಷ್ಠ ಕೂಲಿ ಕೊಡಲಾರದ ಕಾರ್ಖಾನೆಗೆ ಹೇಗೆ ನಡೆಯುವ ಹಕ್ಕಿಲ್ಲವೋ, ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕ ಹಾಕಲಾರದ ಹದಗಾರಿಕೆಗೂ ಇಲ್ಲ ಅಂತ ಅವರು ಹೇಳಿದರು. ಕೂಲಿಕಾರನನ್ನೂ ನದಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಆ ಮಾತು ನನಗೆ ಇಷ್ಟ. ಆದರೆ ನಿಮ್ಮ ಒಲೆ ಅದರಿಂದ ಉರಿಯುವುದಿಲ್ಲ, ಅದೂ ನಿಜ.

1996ರ ತಾಜ್‌ಮಹಲ್ ಪ್ರಕರಣ ನೋಡಿ. 292 ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬರಬೇಕು, ಇಲ್ಲ ಜಾಗ ಬಿಡಬೇಕು ಅಂತ ಆದೇಶ. ಅದರಲ್ಲೇ ಕಾರ್ಮಿಕರ ವಿಷಯವನ್ನೂ ಬರೆದರು. ಸ್ಥಳಾಂತರವಾಗುವ ಕಡೆ ಕೆಲಸ ಮುಂದುವರಿಯಬೇಕು, ಮುಚ್ಚಿ ತೆರೆಯುವ ನಡುವಿನ ದಿನಗಳಿಗೆ ಪೂರ್ತಿ ಸಂಬಳ ಕೊಡಬೇಕು, ಒಂದು ವರ್ಷದ ಸಂಬಳವನ್ನು ಸ್ಥಳಾಂತರದ ಬೋನಸ್ ಅಂತ ಕೊಡಬೇಕು. ಅಂದರೆ ಕೋರ್ಟಿಗೆ ಅದು ಸಾಧ್ಯ. ಕೇಳಬೇಕು ಅಷ್ಟೇ. ನಿಮ್ಮ ಕಾರ್ಖಾನೆ ಮೇಲೆ ಕೇಸು ಬಂದರೆ ಕಾರ್ಮಿಕರ ಸಂಘದ ಕಡೆಯಿಂದ ಮಧ್ಯಂತರ ಅರ್ಜಿ ಹಾಕಿ ಒಳಗೆ ಬನ್ನಿ. ಓನರ್ ಪಕ್ಕದಲ್ಲಿ ಕೂರಲೇಬೇಕು ಅಂತಿಲ್ಲ. ಇನ್ನು ಕೆರೆಯವರಿಗೆ: ಮುಚ್ಚಿಸಿ ಅಂತ ಮೊದಲ ಬೇಡಿಕೆ ಇಡಬೇಡಿ. ಶುದ್ಧೀಕರಣ ಘಟಕ ಹಾಕಿ ನಡೆಸಲಿ, ಹಾಳಾದ ಕೆರೆಗೆ ದುಡ್ಡು ಕೊಡಲಿ ಅಂತ ಇಡಿ.

ಇನ್ನೊಬ್ಬರ ಪ್ರಶ್ನೆ: ಎಲ್ಲ ಸರಿ ಮೇಡಂ. ಆದೇಶ ಬಂದ ಮೇಲೆ ಏನಾಗುತ್ತೆ? ಪೇಪರಿನಲ್ಲಿ ಫೋಟೋ ಬರುತ್ತೆ, ಕೆರೆ ಹಾಗೇ ಇರುತ್ತೆ. ಸುಮ್ನೆ ಯಾಕೆ ಜನಕ್ಕೆ ಆಸೆ ಹುಟ್ಟಿಸ್ತೀರಿ?

ಉತ್ತರ: ನಿಮ್ಮ ಸಿಟ್ಟು ನನಗೂ ಇದೆ. ರಾಜಸ್ಥಾನದಲ್ಲಿ ಬಿಚ್ಛಡಿ ಅಂತ ಒಂದು ಹಳ್ಳಿ. ರಾಸಾಯನಿಕ ಕಾರ್ಖಾನೆಗಳ ಕೆಸರು ಇಂಗಿ ಬಾವಿಗಳೆಲ್ಲ ಹಾಳಾದವು. 1996ರಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವನೇ ದುಡ್ಡು ತೆರಬೇಕು ಅಂತ ತೀರ್ಪು ಕೊಟ್ಟಿತು. ಕಂಪನಿ ಒಂದರ ಮೇಲೊಂದು ಅರ್ಜಿ ಹಾಕುತ್ತಾ ಹೋಯಿತು. 2011ರಲ್ಲಿ ಕೋರ್ಟು ರೋಸಿಹೋಗಿ, ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಮತ್ತೆ ಆದೇಶ ಮಾಡಬೇಕಾಯಿತು. 15 ವರ್ಷ! ನಗರದ ಕಸದ ಬಗ್ಗೆ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ 2000ದಲ್ಲಿ ಇಡೀ ದೇಶಕ್ಕೆ ಕಸ ವಿಲೇವಾರಿಯ ನಿಯಮಗಳು ಬಂದವು. ಕಸ ಹೋಯಿತಾ? ನೀವೇ ನೋಡುತ್ತಿದ್ದೀರಿ.

ಆದರೆ ಕುದುರೆಮುಖವನ್ನೂ ನೋಡಿ. ರಾಷ್ಟ್ರೀಯ ಉದ್ಯಾನದ ಒಳಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದದ್ದು ಸರ್ಕಾರದ್ದೇ ಕಂಪನಿ. ಭದ್ರಾ ನದಿಗೆ ಹೂಳು. ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಕೇಸಿನಲ್ಲಿ 2002ರ ಅಕ್ಟೋಬರ್ 30ರಂದು ಆದೇಶ ಬಂತು, 2005ರ ಕೊನೆಗೆ ಗಣಿ ನಿಲ್ಲಬೇಕು ಅಂತ. ನಿಂತಿತು. ಬಳ್ಳಾರಿಯಲ್ಲಿ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಸ್ಥೆ 2009ರಲ್ಲಿ ಹಾಕಿದ ಅರ್ಜಿಯಿಂದ 2011ರ ಜುಲೈನಲ್ಲಿ ಇಡೀ ಜಿಲ್ಲೆಯ ಗಣಿಗಾರಿಕೆ ನಿಂತಿತು. 2013ರಲ್ಲಿ ಕೆಟ್ಟದಾಗಿ ನಿಯಮ ಮುರಿದವರ ಗುತ್ತಿಗೆಗಳು ರದ್ದಾದವು.

ವ್ಯತ್ಯಾಸ ಎಲ್ಲಿದೆ? ನಾನು ನೋಡಿದ ಮಟ್ಟಿಗೆ, ಆದೇಶದ ಮಾರನೇ ದಿನವೂ ಅಲ್ಲೇ ನಿಂತು ನೋಡುವವರು ಇದ್ದಾರಾ ಅನ್ನುವುದರಲ್ಲಿ. ಹಳೆಯ ಉದಾಹರಣೆ ಒಂದು ಕೊಡುತ್ತೇನೆ. 1980ರ ದಶಕದಲ್ಲಿ ನಮ್ಮ ರಾಜ್ಯದ ಸುಮಾರು 30,000 ಹೆಕ್ಟೇರ್ ಸಾಮಾನ್ಯ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಜಂಟಿ ಕಂಪನಿಗೆ ಕೊಡಲು ಹೊರಟರು. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ತಡೆಯಾಜ್ಞೆ ಬಂತು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೊ ಹಚ್ಚಿಕೊ ಅಂತ ಹೆಸರು. 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು.

ಆದೇಶ ಪಾಲಿಸದಿದ್ದರೆ ಹೈಕೋರ್ಟಿನಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಅದಕ್ಕೂ ಒಂದು ವರ್ಷದ ಮಿತಿ ಇದೆ, ಮರೆಯಬೇಡಿ. ಎನ್‌ಜಿಟಿಯಲ್ಲಿ ಆದೇಶ ಜಾರಿಗೆ ಅಂತಲೇ ಅರ್ಜಿ ಹಾಕಬಹುದು. ಅದಕ್ಕಿಂತ ಮೊದಲು, ಆದೇಶ ಕೇಳುವಾಗಲೇ, ಮೂರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು ಅಂತ ಸೇರಿಸಿ ಕೇಳಿ. ಕೇಸು ಮುಚ್ಚದೆ ಇಟ್ಟುಕೊಳ್ಳುವ ಅಭ್ಯಾಸ ಕೋರ್ಟುಗಳಿಗೆ ಇದೆ. ಗೋದಾವರ್ಮನ್ ಅವರ ಅರಣ್ಯ ಪ್ರಕರಣ 1995ರಲ್ಲಿ ಹಾಕಿದ್ದು, ದಶಕಗಟ್ಟಲೆ ಅದರಲ್ಲಿ ಆದೇಶಗಳು ಬರುತ್ತಲೇ ಇವೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಇವತ್ತು ನಾವು ಆರು ಜನ ತಾಲೂಕು ಕಚೇರಿಗೆ ಹೋಗಿ ಸರ್ವೆಗೆ ಅರ್ಜಿ ಕೊಟ್ಟು ಬಂದೆವು. ಗುಮಾಸ್ತರು ಮೊದಲು ಸೀಲ್ ಹಾಕಲ್ಲ ಅಂದರು. ಅಲ್ಲೇ ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿದರು. ಚುನಾವಣೆ ಸೋತವರಿಗೂ ಹೇಳಿದೆವು, ಸ್ವಲ್ಪ ಮುನಿಸಿಕೊಂಡಿದ್ದಾರೆ. ಅರ್ಜಿದಾರರಾಗಿ ಹಾಲಿನ ಡೈರಿಗೆ ಹಾಲು ಹಾಕುವ ನಾಲ್ವರು ಹೆಣ್ಣುಮಕ್ಕಳು ಒಪ್ಪಿದ್ದಾರೆ.

ಉತ್ತರ: ಬಹಳ ಸಂತೋಷ. ಸೀಲಿನಲ್ಲಿ ತಾರೀಖು ಓದುವ ಹಾಗಿದೆಯಾ ನೋಡಿ. ಮಸುಕಾಗಿದ್ದರೆ ನಾಳೆ ಇನ್ನೊಮ್ಮೆ ಹೋಗಿ ಹಾಕಿಸಿಕೊಳ್ಳಿ.